ಸಿಂಥೆಟಿಕ್ ಹಾಕಿಸಿದವಳು

ಫಿಜಿಯೋಥೆರಪಿಸ್ಟ್ ಇಂದೂ ಹಿಂದೆಮುಂದೆ ನೋಡದೆ ಒಪ್ಪಿಕೊಳ್ಳುತ್ತಿದ್ದುದು ಒಬ್ಬರ ಮಾತನ್ನು ಮಾತ್ರ, ಅಣ್ಣ ಪ್ರಲ್ಹಾದನ ಮಾತನ್ನು. ಗಂಡ ರಾಜೀವ ಏನಾದರೂ ಹೇಳಿದರೆ ಎರಡು ಪ್ರಶ್ನೆ ಕೇಳಿ ಆಮೇಲೆ ತಲೆಯಾಡಿಸುವವಳು. ದೊಡ್ಡ ಡಾಕ್ಟರು ಬರೆದ ಚೀಟಿಯನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುವವಳು. ಅಣ್ಣನ ವಿಷಯಕ್ಕೆ ಬಂದರೆ ಆ ಬುದ್ಧಿಯೆಲ್ಲ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು.

ಅದಕ್ಕೆ ಕಾರಣವೂ ಇತ್ತು. ಧಾರವಾಡದಿಂದ ಫಿಜಿಯೋಥೆರಪಿ ಓದಲು ಪುಣೆಗೆ ಬಂದಾಗ ಈ ಊರಿನಲ್ಲಿ ಅವಳಿಗೆ ಗೊತ್ತಿದ್ದವನು ಅವನೊಬ್ಬನೇ. ಆಗಷ್ಟೇ ನೌಕರಿ ಹಿಡಿದಿದ್ದ ಪ್ರಲ್ಹಾದ ತನ್ನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ತಂಗಿಗೆ ಮಂಚ ಬಿಟ್ಟುಕೊಟ್ಟು ತಾನು ಗ್ಯಾಲರಿಯಲ್ಲಿ ಚಾಪೆ ಹಾಸಿಕೊಂಡಿದ್ದ. ಮರಾಠಿ ಬಾರದೆ ಕ್ಲಾಸಿನಲ್ಲಿ ಪೆಚ್ಚಾಗಿ ಅವಳು ಅಳುತ್ತ ಬಂದ ದಿನ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಬೀದಿ ಬೀದಿಯ ಅಂಗಡಿ ಫಲಕಗಳನ್ನು ಗಟ್ಟಿಯಾಗಿ ಓದಿಸಿದ್ದ. ಮುಂದೆ ರಾಜೀವನನ್ನು ಹುಡುಕಿದವನೂ ಅವನೇ, ಮದುವೆಯಲ್ಲಿ ಊಟದ ಪಂಕ್ತಿಯಿಂದ ಪಂಕ್ತಿಗೆ ಓಡಾಡಿದವನೂ ಅವನೇ. ಈಗ ಇಬ್ಬರಿಗೂ ತಲೆ ನರೆಯುತ್ತ ಬಂದಿತ್ತು. ಇಂದೂ ಪುಣೆಯ ಕೋಥರೂಡದ ವಸತಿ ಸೊಸೈಟಿಯೊಂದರಲ್ಲಿ ಇದ್ದಳು. ಕಂಪನಿಯೊಂದರಲ್ಲಿ ಮ್ಯಾನೇಜರನಾಗಿದ್ದ ಪ್ರಲ್ಹಾದ ಹೆಂಡತಿ ಸಾಯಲಿಯೊಂದಿಗೆ ಊರಿನ ಇನ್ನೊಂದು ತುದಿಯ ಮಗರಪಟ್ಟಾದ ಎತ್ತರದ ಕಟ್ಟಡಕ್ಕೆ ಸೇರಿದ್ದ.

ಇಂದೂ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುತ್ತಿದ್ದಳು. ಪಾರ್ಶ್ವವಾಯು ಹೊಡೆದವರು, ಮೊಣಕಾಲು ಬದಲಾಯಿಸಿಕೊಂಡವರು, ಬಿದ್ದು ಸೊಂಟ ಮುರಿದುಕೊಂಡವರು. ಹಿಂದಿನ ಮಳೆಗಾಲದಲ್ಲಿ ಅವಳೇ ಸ್ಕೂಟರಿನಿಂದ ಜಾರಿಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಕೈಯೇ ಬಂಡವಾಳವಾದವಳಿಗೆ ಅದು ಸಣ್ಣ ಪೆಟ್ಟಲ್ಲ. ಕಟ್ಟು ಬಿಚ್ಚಿದ ಮೇಲೂ ಸ್ಕೂಟರು ಹತ್ತಲು ಎದೆ ನಡುಗುತ್ತಿತ್ತು. ಆಗ ಪ್ರಲ್ಹಾದ ಒಂದು ಭಾನುವಾರ ಬಂದು, ಸೋಫಾದ ಮೇಲೆ ಕಾಲು ಮಡಚಿ ಕೂತು, ಚಹಾ ಹೀರುತ್ತ ಹೇಳಿದ.

"ನಾ ಹೊಸಾ ಕಾರು ತಗೊಳ್ಳಾಕತ್ತೀನಿ. ಹಳೇದು ನೀ ತಗೋ. ಹೊರಗಿನವ್ರಿಗೆ ಯಾಕ ಕೊಡ್ಲಿ? ಮನಿ ಗಾಡಿ ಮನ್ಯಾಗ ಉಳೀತದ."

ಪ್ರಲ್ಹಾದ ಹೋದ ಮೇಲೆ ರಾಜೀವ ಮೆಲ್ಲಗೆ, "ಒಮ್ಮೆ ಬ್ಯಾರೆ ಮೆಕ್ಯಾನಿಕ್ ಕಡೆ ತೋರಿಸೋಣೇನು? ಸುಮ್ನ, ಒಂದ್ ಸಮಾಧಾನಕ್ಕ," ಎಂದ.

ಇಂದೂಗೆ ಸಿಟ್ಟು ಬಂತು. "ಅಣ್ಣನ ಗಾಡೀನ ಪರೀಕ್ಷಾ ಮಾಡಿಸ್ಲೇನ್ರಿ? ಅವಂಗ ಗೊತ್ತಾದ್ರ ಏನ್ ತಿಳ್ಕೊಂಡಾನು!"

ಮಾತು ಅಲ್ಲಿಗೆ ಮುಗಿಯಿತು. ಅಣ್ಣ ಕೇಳಿದಷ್ಟು ಹಣವನ್ನು ಅವಳು ಚೌಕಾಶಿಯಿಲ್ಲದೆ ಕೊಟ್ಟಳು.

ಗಾಡಿ ಕೊಡುವ ದಿನ ಅವನೇ ತೊಳೆಸಿ, ಮುಂದೆ ಚೆಂಡುಹೂವಿನ ಮಾಲೆ ಕಟ್ಟಿಸಿ ತಂದಿದ್ದ. ಇಂದೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಅಣ್ಣನ ಕಾಲಿಗೆ ನಮಸ್ಕಾರ ಮಾಡಿದಳು. ಕೀಲಿಕೈ ಕೊಡುವಾಗ ಅವನು ಹೇಳಿದ.

"ಒಂದ್ ಮಾತು ನೆನಪಿಡು. ಇಂಜಿನ್ ಆಯಿಲ್ ಬದಲಿ ಮಾಡಸೂ ಮುಂದ ಹಡಪಸರದ ಭೀಮಣ್ಣನ ಕಡೇನ ಹೋಗು. ಸಾದಾ ಆಯಿಲ್, ಅದೂ ದಪ್ಪಂದು. ಸಿಂಥೆಟಿಕ್ ಗಿಂಥೆಟಿಕ್ ಅಂತ ಹೋಗಬ್ಯಾಡ."

"ಯಾಕಣ್ಣಾ?"

"ಹಳೇ ಗಾಡಿಗೆ ಅದು ಹೊಂದೂದಿಲ್ಲ ತಂಗಿ. ಸುಮ್ಮ ಖರ್ಚು."

ಗಾಡಿ ಬಂದ ಮೇಲೆ ಇಂದೂಳ ಕೆಲಸ ಹರಡಿತು. ಊರಾಚೆಯ ರೋಗಿಗಳನ್ನೂ ಒಪ್ಪಿಕೊಳ್ಳತೊಡಗಿದಳು. ಅವರಲ್ಲಿ ಸಾಸವಡದ ಪೂರ್ವಾ ಎಂಬ ಹುಡುಗಿ ಅವಳಿಗೆ ವಿಶೇಷವಾಗಿದ್ದಳು. ಮಗರಪಟ್ಟಾದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಪೂರ್ವಾ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡು, ನಡೆಯಲಾರದೆ ತಾಯಿತಂದೆಯ ಮನೆ ಸೇರಿದ್ದಳು. ಮೊದಲ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ತಿರುಗಿಯೂ ನೋಡಿರಲಿಲ್ಲ. ಇಂದೂ ವಾರಕ್ಕೆ ಎರಡು ಸಲ ದಿವೆ ಘಾಟ ಹತ್ತಿ ಹೋಗಿ, ಆ ಹುಡುಗಿಯನ್ನು ಬೈದು, ನಗಿಸಿ, ಮಂಚದ ಅಂಚಿನಲ್ಲಿ ಕೂರಿಸುವವರೆಗೆ ತಂದಳು. ಆಮೇಲೆ ಕೈ ಆಸರೆಯ ಎರಡು ಸರಳುಗಳ ನಡುವೆ ಎಬ್ಬಿಸಿ ನಿಲ್ಲಿಸಿದಳು. ಘಾಟಿನ ಆ ಏರು, ಮಳೆಯಲ್ಲಿ ಹಸಿರಾದ ಗುಡ್ಡ, ಕೆಳಗೆ ಮಂಜಿನಲ್ಲಿ ಮುಳುಗಿದ ಊರು, ತನ್ನದೇ ಗಾಡಿ. ಈ ವಯಸ್ಸಿನಲ್ಲಿ ಇಷ್ಟು ಸ್ವಾತಂತ್ರ್ಯ ಸಿಕ್ಕೀತೆಂದು ಅವಳು ಎಣಿಸಿರಲಿಲ್ಲ.

ಆಯಿಲ್ ಬದಲಾಯಿಸುವ ಹೊತ್ತು ಬಂದಾಗ ಭೀಮಣ್ಣನ ಗ್ಯಾರೇಜಿಗೇ ಹೋದಳು. ಭೀಮಣ್ಣ ಯಾದಗಿರಿ ಕಡೆಯವನು. ಪ್ರಲ್ಹಾದನ ಗಾಡಿಯನ್ನು ವರ್ಷಗಳಿಂದ ನೋಡಿಕೊಂಡು ಬಂದವನು. ಕನ್ನಡದವರು ಬಂದರೆ ಸ್ಟೂಲು ಒರೆಸಿ ಕೂರಿಸುತ್ತಿದ್ದ.

"ಭೀಮಣ್ಣ, ಸಾದಾ ಹಾಕೋದೋ, ಸಿಂಥೆಟಿಕ್ ಹಾಕೋದೋ?" ಇಂದೂ ಕೇಳಿದಳು.

"ಸಾದಾನ ಇರ್ಲಿ ಬಿಡ್ರಿ ಅಕ್ಕಾರ. ಅಣ್ಣಾರು ಅದನ್ನ ಹಾಕ್ಸತಿದ್ರು."

"ಅದಕ್ಕೂ ಇದಕ್ಕೂ ಫರಕ್ ಏನದ?"

"ಫರಕ್ ಅಂದ್ರ... ಸಿಂಥೆಟಿಕ್ ತೆಳ್ಳಗ ಇರ್ತದ್ರಿ. ಛಲೋನ ಅದು. ಬಿಸಿಗೆ ಲಗೂನ ಕೆಡೂದಿಲ್ಲ, ಮುಂಜಾನಿ ಚಾಲೂ ಮಾಡಿದ ಕೂಡ್ಲೆ ಇಂಜಿನ್ ತುಂಬ ಓಡಾಡ್ತದ. ಭಾಳ ದಿನಾ ಬಾಳಿಕಿ ಬರ್ತದ. ಸಾದಾ ಆದ್ರ ಜಲ್ದಿ ಬದಲಿ ಮಾಡಬೇಕಾಗ್ತದ, ಅಷ್ಟ."

"ಮತ್ತ ಸಿಂಥೆಟಿಕ್ ಛಲೋ ಆತಲ್ಲ? ನಾ ಘಾಟ ಹತ್ತತೀನಿ, ಇಳೀತೀನಿ. ಗಾಡಿ ಪುಸ್ತಕದಾಗೂ ಅದನ್ನ ಬರದಾರ. ನಿನ್ನಿ ನೋಡೀನಿ."

ಭೀಮಣ್ಣ ಸ್ಪ್ಯಾನರು ಕೈಯಲ್ಲಿ ಹಿಡಿದು ನೆಲ ನೋಡಿದ. "ಅಣ್ಣಾರಿಗೊಂದ್ ಮಾತ ಕೇಳ್ರಿ."

ಇಂದೂ ಫೋನು ಮಾಡಿದಳು. ಪ್ರಲ್ಹಾದ ಎತ್ತಲಿಲ್ಲ, ಮೀಟಿಂಗಿನಲ್ಲಿ ಇರಬೇಕು. ಸ್ಟೂಲಿನ ಮೇಲೆ ಕೂತು ಅವಳು ತಾನೇ ಯೋಚಿಸಿದಳು. ಅಣ್ಣ ಬೇಡ ಎಂದದ್ದು ಯಾಕೆ? ತಂಗಿಗೆ ಸುಮ್ಮನೆ ಖರ್ಚು ಬೀಳಬಾರದು ಎಂದು. ಅವನ ಸ್ವಭಾವವೇ ಹಾಗೆ. ಆದರೆ ಅವನು ಇಷ್ಟು ವರ್ಷ ಜತನವಾಗಿ ಇಟ್ಟುಕೊಂಡ ಗಾಡಿಗೆ ತಾನು ಒಳ್ಳೆಯದನ್ನು ಹಾಕಿಸಿದರೆ ಅವನಿಗೆ ಬೇಜಾರೇನು? ಸವೆಯುವುದಕ್ಕೆ ಮೊದಲೇ ಕಾಳಜಿ ಮಾಡಿ ಎಂದು ದಿನಾ ಹತ್ತು ಮಂದಿಗೆ ಹೇಳುವವಳು ತಾನು.

"ಸಿಂಥೆಟಿಕ್ ಹಾಕು ಭೀಮಣ್ಣ," ಎಂದಳು.

ಭೀಮಣ್ಣ ಇನ್ನೊಮ್ಮೆ ಅವಳ ಫೋನಿನ ಕಡೆ ನೋಡಿದ. ಆಮೇಲೆ ಅಂಗಡಿಗೆ ಹೋಗಿ ಡಬ್ಬಿ ತಂದು ಹಾಕಿದ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಒಳಗಿನಿಂದ ಟಕಟಕ ಶಬ್ದ ಬರತೊಡಗಿತು. ಸೊಸೈಟಿಯ ವಾಚ್‌ಮನ್ ಒಂದು ದಿನ ಹಿಂದೆ ನಿಂತು, ಮೇಡಂ, ಹೊಗೆ ನೀಲಿ ಬರುತ್ತಿದೆ ಎಂದು ಮರಾಠಿಯಲ್ಲಿ ಕೂಗಿ ಹೇಳಿದ. ಇಂದೂ ಅಣ್ಣನಿಗೆ ಫೋನು ಮಾಡಿ ಎಲ್ಲ ವಿವರಿಸಿದಳು.

"ಯಾವ ಆಯಿಲ್ ಹಾಕ್ಸೀದಿ?" ಅವನು ಕೇಳಿದ.

"ಸಿಂಥೆಟಿಕ್. ನಿಂಗ ಫೋನ್ ಮಾಡಿದ್ದೆ, ನೀ ಎತ್ತಲಿಲ್ಲ."

ಆ ಕಡೆ ಸದ್ದಿಲ್ಲ. ಫೋನು ಕಟ್ಟಾಯಿತೇನೋ ಎಂದು ಅವಳು ಹಲೋ ಹಲೋ ಎಂದಳು.

"ಇದ್ದೀನಿ," ಎಂದ ಪ್ರಲ್ಹಾದ. "ಇರ್ಲಿ, ಓಡಸ್ಕೊಂತಿರು. ಮುಂದಿನ ಸಲ ಸಾದಾ ಹಾಕ್ಸು."

ಅಣ್ಣ ಓಡಿಸು ಎಂದ ಮೇಲೆ ಅವಳು ಓಡಿಸಿದಳು.

ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಒಂದು ಮಧ್ಯಾಹ್ನ, ದಿವೆ ಘಾಟದ ನಡು ಏರಿನಲ್ಲಿ, ಸ್ಟೀರಿಂಗಿನ ಮುಂದೆ ಎಣ್ಣೆಗಿಂಡಿಯ ಆಕಾರದ ಕೆಂಪು ದೀಪ ಹೊತ್ತಿಕೊಂಡಿತು. ಗಾಡಿ ನಿಲ್ಲಿಸಲು ಬದಿಯಲ್ಲಿ ಜಾಗ ಹುಡುಕುವಷ್ಟರಲ್ಲಿ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿದಂತೆ ಭಾರಿ ಸದ್ದಾಗಿ ಇಂಜಿನ್ ಸತ್ತುಹೋಯಿತು. ಸ್ಟೀರಿಂಗು ಕಲ್ಲಿನಂತೆ ಬಿಗಿಯಿತು. ಗಾಡಿ ಒಂದು ಕ್ಷಣ ನಿಂತು ಹಿಂದಕ್ಕೆ ಜಾರತೊಡಗಿತು. ಕನ್ನಡಿಯ ತುಂಬ ಒಂದು ಟ್ರಕ್ಕಿನ ಮೋರೆ ಕಂಡಿತು. ಅವಳು ಎರಡೂ ಕಾಲಿನಿಂದ ಬ್ರೇಕ್ ತುಳಿದು, ಹ್ಯಾಂಡ್‌ಬ್ರೇಕನ್ನು ಹಿಂದೊಮ್ಮೆ ಮುರಿದಿದ್ದ, ಇನ್ನೂ ಪೂರ್ತಿ ಗುಣವಾಗದ ಕೈಯಿಂದ ಜಗ್ಗಿದಳು. ಟ್ರಕ್ಕಿನವನು ಕೂಗುತ್ತ, ಬೈಯುತ್ತ, ಗಾಡಿಯ ಹಿಂಭಾಗವನ್ನು ಸವರಿದಂತೆ ಪಕ್ಕಕ್ಕೆ ಎಳೆದುಕೊಂಡು ಹೋದ. ಇಂದೂ ಬಾಗಿಲು ತೆರೆದು ಇಳಿದು ಗುಡ್ಡದ ಕಲ್ಲಿಗೆ ಒರಗಿ ನಿಂತಳು. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದಳು.

ಪ್ರಲ್ಹಾದ ಭೀಮಣ್ಣನನ್ನು ಕರೆದುಕೊಂಡು ಬಂದ. ಭೀಮಣ್ಣ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿದ. ತುದಿ ಒಣಗಿತ್ತು.

"ಆಯಿಲ್ ಎಲ್ಲಾ ಸುಟ್ಟು ಹೋಗೇದ್ರಿ. ಇಂಜಿನ್ ಜಾಮ್."

"ನೋಡಿದಿಲ್ಲೋ?" ಪ್ರಲ್ಹಾದ ತಂಗಿಯ ಕಡೆ ತಿರುಗಿದ. "ನಾ ಏನ್ ಹೇಳಿದ್ದೆ? ಹಳೇ ಇಂಜಿನ್ನಿಗೆ ಸಿಂಥೆಟಿಕ್ ಹಾಕಬ್ಯಾಡ ಅಂದಿದ್ನೋ ಇಲ್ಲೋ? ತೆಳ್ಳಗ ನೀರಿನಂಗ ಇರ್ತದ ಅದು. ಇಂಜಿನ್ನ ತಿಂದು ಹಾಕ್ತು."

ಭೀಮಣ್ಣ ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದ. ಕೈ ಸ್ವಚ್ಛವಾದ ಮೇಲೂ ಒರೆಸಿದ. ಇಂದೂ ಅವನ ಮುಖ ನೋಡಿದಳು, ಅವನು ನೋಡಲಿಲ್ಲ. ಆಗ ಅವಳಿಗೆ ಅದರ ಅರ್ಥ ಹೊಳೆಯಲಿಲ್ಲ. ತನ್ನ ಮೂರ್ಖತನಕ್ಕೆ ಅವನೂ ನಾಚಿಕೊಂಡಿದ್ದಾನೆ ಎಂದುಕೊಂಡಳು.

ಗಾಡಿ ಗುಜರಿಯ ಬೆಲೆಗೆ ಹೋಯಿತು. ರಾಜೀವ ಗದರಲಿಲ್ಲ. ಗದರಿದ್ದರೆ ವಾಸಿ ಇತ್ತು. "ನಿಮ್ಮಣ್ಣ ಬಾಯಿಬಿಟ್ಟು ಹೇಳಿದ್ನಲ್ಲ ಇಂದೂ, ಒಂದ್ ಮಾತ ಕೇಳಿದ್ರ ಆಗ್ತಿತ್ತು," ಎಂದು ಒಂದೇ ಸಲ ಅಂದ. ಆಮೇಲೆ ಮನೆಯಲ್ಲಿ ಏನೇ ಕೊಳ್ಳುವುದಿದ್ದರೂ, ಫ್ರಿಜ್ಜಾಗಲಿ ಮಿಕ್ಸರಾಗಲಿ, ಅವಳನ್ನು ಕೇಳುವುದನ್ನು ಬಿಟ್ಟ. ಸಾಸವಡಕ್ಕೆ ಬಸ್ಸು ಬದಲಾಯಿಸಿ ಹೋಗಿ ಬರುವುದರಲ್ಲಿ ಉಳಿದ ರೋಗಿಗಳು ತಪ್ಪುತ್ತಿದ್ದರು. ಒಂದೆರಡು ಸಲ ತಡವಾಯಿತು, ಒಂದೆರಡು ಸಲ ಹೋಗಲೇ ಆಗಲಿಲ್ಲ. ಪೂರ್ವಾಳ ತಂದೆ ಫೋನು ಮಾಡಿ, ಹತ್ತಿರದವರೇ ಒಬ್ಬರು ಸಿಕ್ಕಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಆ ಹುಡುಗಿ ಸರಳು ಬಿಟ್ಟು ಮೊದಲ ಹೆಜ್ಜೆ ಇಟ್ಟಾಗ ಇಂದೂ ಎದುರಿಗೆ ಇರಲಿಲ್ಲ. ಯಾರೋ ಕಳಿಸಿದ ವಿಡಿಯೋವನ್ನು ಅಡುಗೆಮನೆಯಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡಳು.

ದೀಪಾವಳಿಯ ಭಾವುಬೀಜಕ್ಕೆ ಅಣ್ಣನಿಗೆ ಆರತಿ ಬೆಳಗಲು ಮಗರಪಟ್ಟಾಕ್ಕೆ ಹೋದಾಗ ನೆಂಟರಿಷ್ಟರು ಸೇರಿದ್ದರು. ಚಿಕ್ಕಪ್ಪನ ಮಗ ರಾಘಣ್ಣ ಗಾಡಿ ಎಲ್ಲಿ ಎಂದು ಕೇಳಿದ್ದೇ ತಡ, ಪ್ರಲ್ಹಾದ ಚಕ್ಕುಲಿ ಮುರಿಯುತ್ತ ಕಥೆ ಹೇಳಿದ. "ನಮ್ಮ ಇಂದೂ ಭಾಳ ಓದ್ಯಾಳಲ್ಲ, ಗಾಡಿಗೂ ಟಾನಿಕ್ ಕುಡಿಸಿದ್ಲು!" ಎಲ್ಲರೂ ನಕ್ಕರು. ರಾಘಣ್ಣನಂತೂ ಅಂದಿನಿಂದ ಅವಳನ್ನು ಸಿಂಥೆಟಿಕ್ ಎಂದೇ ಕರೆಯತೊಡಗಿದ.

ಆರತಿ ಮುಗಿದ ಮೇಲೆ ದೇವರ ಕೋಣೆಯಲ್ಲಿ ಇಂದೂ ಅಣ್ಣನ ಎರಡೂ ಕೈ ಹಿಡಿದುಕೊಂಡಳು. "ನೀ ಅಷ್ಟು ಹೇಳಿದ್ದಿ. ನಿನ್ನ ಗಾಡಿ ನನ್ನ ಕೈಯಾಗ ಹಾಳಾತು. ತಪ್ಪಾತಣ್ಣಾ."

ಪ್ರಲ್ಹಾದ ಅವಳ ತಲೆ ಸವರಿದ. "ಹೋಗ್ಲಿ ಬಿಡವಾ. ಆಗಿದ್ದು ಆತು."

ಎಷ್ಟು ದೊಡ್ಡ ಮನಸ್ಸು ಇವನದು ಎಂದುಕೊಳ್ಳುತ್ತ ಅವಳು ಬಸ್ಸಿನಲ್ಲಿ ಮನೆಗೆ ಬಂದಳು.

ಹೊಸ ವರ್ಷದ ಹೊತ್ತಿಗೆ ಸಾಯಲಿಯ ಭುಜ ಹಿಡಿದುಕೊಂಡಿತು. ಕೈ ಮೇಲೆತ್ತಿ ಜಡೆ ಹಾಕಿಕೊಳ್ಳುವುದೂ ಕಷ್ಟವಾದಾಗ ಇಂದೂ ಹೋಗಿ ವ್ಯಾಯಾಮ ಮಾಡಿಸತೊಡಗಿದಳು. ಸಾಯಲಿ ಪುಣೆಯ ಮರಾಠಿ ಮನೆಯ ಹುಡುಗಿ, ಮದುವೆಯಾದ ಮೇಲೆ ಕನ್ನಡ ಕಲಿತವಳು. ಒಂದು ಶನಿವಾರ ಬೆಳಿಗ್ಗೆ ಪ್ರಲ್ಹಾದ ತರಕಾರಿ ತರಲು ಹೊರಗೆ ಹೋಗಿದ್ದ. ಇಂದೂ ಅತ್ತಿಗೆಯ ತೋಳನ್ನು ಮೆಲ್ಲಗೆ ಮೇಲೆತ್ತುತ್ತಿದ್ದಳು.

"ದಿನಾ ಬಸ್ಸಿನಾಗ ಇಷ್ಟ ದೂರ ಬರ್ತಿ, ನಂಗ ಕೆಟ್ಟ ಅನಸ್ತದ," ಎಂದಳು ಸಾಯಲಿ.

"ಗಾಡಿ ನಾನ ಹಾಳ ಮಾಡ್ಕೊಂಡ್ನೆಲ್ಲ ವೈನಿ. ಸಿಂಥೆಟಿಕ್ ಹಾಕಿಸ್ಲಿಲ್ಲಂದ್ರ ಇವತ್ತಿಗೂ ಓಡತಿತ್ತು."

"ಅಗ, ನಿಂದೇನು ತಪ್ಪು? ಆ ಗಾಡಿ ಇಂಜಿನ್ ಮದ್ಲ ಸವದು ಆಯಿಲ್ ಸುಡತಿತ್ತು. ನಾವು ಮಹಾಬಳೇಶ್ವರಕ್ಕ ಹೋದಾಗ ಎಷ್ಟು ಹೊಗಿ! ಇಂಜಿನ್ ಬಿಚ್ಚಿ ಪೂರಾ ಕೆಲಸ ಮಾಡಬೇಕು, ಇಲ್ಲಾಂದ್ರ ಘಾಟಕ್ಕ ಒಯ್ಯಬ್ಯಾಡ್ರಿ ಅಂತ ಭೀಮಣ್ಣನ ಹೇಳಿದ್ದ. ಆಮ್ಯಾಲ ಇವ್ರು ಅದೇನೋ ದಪ್ಪ ಆಯಿಲ್, ಮ್ಯಾಲೆ ಒಂದು ಬಾಟ್ಲಿ ಔಷಧ ಹಾಕ್ಸಿದ್ರು. ಸದ್ದೂ ಹೋತು, ಹೊಗೀನೂ ಹೋತು."

ಇಂದೂಳ ಕೈ ಅಲ್ಲಿಯೇ ನಿಂತಿತು.

ಸಾಯಲಿ ತಿರುಗಿ ನೋಡಿದಳು. "ನಿಂಗ ಗೊತ್ತದಲ್ಲ ಇಂದೂ? ಎಲ್ಲಾ ಹೇಳಿ ಕೊಟ್ಟೀನಿ, ಅದಕ್ಕ ಕಮ್ಮಿ ಬೆಲೆಗೆ ಕೊಟ್ಟೀನಿ ಅಂತ ಇವ್ರು ನಂಗ ಹೇಳಿದ್ರು."

ಇಂದೂ ಅತ್ತಿಗೆಯ ತೋಳನ್ನು ನಿಧಾನವಾಗಿ ಇಳಿಸಿ ದಿಂಬಿನ ಮೇಲೆ ಇಟ್ಟಳು. ಕಡಿಮೆ ಬೆಲೆಯೇನೂ ಆಗಿರಲಿಲ್ಲ. ಆದರೆ ಅವಳ ತಲೆಯಲ್ಲಿ ಬೆಲೆ ಇರಲಿಲ್ಲ. ಫೋನಿನ ಆ ಕಡೆಯ ಮೌನ ಇತ್ತು. ಬಿಗಿದ ಸ್ಟೀರಿಂಗು, ಕನ್ನಡಿಯ ತುಂಬ ಬಂದ ಟ್ರಕ್ಕಿನ ಮೋರೆ ಇತ್ತು. ದೇವರ ಕೋಣೆಯಲ್ಲಿ ತಲೆ ಸವರಿದ ಕೈ ಇತ್ತು. ಒಂದೊಂದೇ ನೆನಪು ಬಂದು, ತಾನು ಇಷ್ಟು ದಿನ ನೋಡಿದ ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲು ತೋರಿಸತೊಡಗಿತು.

ಸಾಯಲಿಗೂ ತಿಳಿಯಿತು. "ಅಯ್ಯೋ ದೇವಾ," ಎಂದು ಒಳ್ಳೆಯ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪ್ರಲ್ಹಾದ ಎರಡು ಕೈಯಲ್ಲೂ ಚೀಲ ಹಿಡಿದು ಬಂದಾಗ ಇಬ್ಬರೂ ಅವನ ದಾರಿ ಕಾಯುತ್ತ ಕೂತಿದ್ದರು.

"ಅಣ್ಣಾ, ಕೂಡು," ಎಂದಳು ಇಂದೂ. "ಇಂಜಿನ್ ಬಿಚ್ಚಬೇಕು, ಘಾಟಕ್ಕ ಒಯ್ಯಬ್ಯಾಡ್ರಿ ಅಂತ ಭೀಮಣ್ಣ ನಿಂಗ ಹೇಳಿದ್ನಂತ. ನನಗ ಗಾಡಿ ಕೊಡೂಕಿಂತ ಮದಲ. ಖರೇನ?"

ಪ್ರಲ್ಹಾದ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಚೀಲಗಳನ್ನು ಕೆಳಗಿಟ್ಟು ಕುರ್ಚಿಯ ಅಂಚಿನಲ್ಲಿ ಕೂತ.

"ಹಳೇ ಗಾಡಿ ಅಂದ್ಮ್ಯಾಲೆ ಒಂದಿಲ್ಲಾ ಒಂದು ಇದ್ದ ಇರ್ತದ. ಮೆಕ್ಯಾನಿಕ್ ಮಂದಿ ಎಲ್ಲಾನೂ ದೊಡ್ಡದ ಮಾಡಿ ಹೇಳ್ತಾರ. ದಪ್ಪ ಆಯಿಲ್ ಮ್ಯಾಲೆ ಆರಾಮ ಇನ್ನೆರಡ ವರ್ಷ ಓಡ್ತಿತ್ತು. ಅದಕ್ಕ ನಿಂಗ ಅಷ್ಟ ಒತ್ತಿ ಹೇಳಿದ್ದು, ಸಿಂಥೆಟಿಕ್ ಹಾಕ್ಸಬ್ಯಾಡ ಅಂತ. ಹೇಳಿದ್ನೋ ಇಲ್ಲೋ?"

"ಹೇಳಿದಿ."

"ಮತ್ತ?"

"ಯಾಕ ಅಂತ ಹೇಳ್ಲಿಲ್ಲ."

"ಹೇಳಿದ್ರ ನೀ ತಗೊಳ್ತಿದ್ದೇನು?"

ಮಾತು ಬಾಯಿಂದ ಜಾರಿದ ಮೇಲೆ ಅದು ಏನೆಂದು ಅವನಿಗೇ ಕೇಳಿಸಿತು. ಸಾಯಲಿ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು.

"ಗಾಡಿ ಹೋತು, ಹೋಗ್ಲಿ," ಎಂದಳು ಇಂದೂ. ಅವಳ ದನಿ ಏರಲಿಲ್ಲ. "ಹೊಗಿ ಬರಾಕತ್ತದ ಅಂತ ನಾ ಫೋನ್ ಮಾಡಿದಾಗ ನೀ ಸುಮ್ಮನಾದಿ. ನೆನಪದೇನು? ಅಷ್ಟೊತ್ತು ನೀ ಏನ್ ವಿಚಾರ ಮಾಡ್ತಿದ್ದಿ?"

ಪ್ರಲ್ಹಾದ ಮೊಣಕಾಲು ಉಜ್ಜಿದ. "ಹೇಳಿಬಿಡ್ಲೇನು ಅಂದ್ಕೊಂಡೆ. ಹೇಳಿದ್ರ ಎಲ್ಲಾ ಹೊರಗ ಬರ್ತದ... ಮುಂದಿನ ಸಲ ದಪ್ಪ ಆಯಿಲ್ ಬಿದ್ರ ಸರಿ ಆಗ್ತದ ಅಂತ..."

"ನಾ ವಾರಕ್ಕ ಎರಡ ಸಲ ಘಾಟ ಹತ್ತತೀನಿ ಅಂತ ನಿಂಗ ಗೊತ್ತಿತ್ತು."

ಅವನು ಬಗ್ಗಿ ತರಕಾರಿ ಚೀಲದ ಹಿಡಿಕೆ ನೇರ ಮಾಡಿದ.

"ಹಿಂದ ಟ್ರಕ್ ಇತ್ತಣ್ಣಾ. ಆಮ್ಯಾಲೂ ನಾನ ಬಂದು ನಿನ್ನ ಕೈ ಹಿಡದು ತಪ್ಪಾತು ಅಂದೆ. ನೀ ನನ್ನ ತಲಿ ಸವರಿದಿ."

"ರೊಕ್ಕ ಎಲ್ಲಾ ವಾಪಸ್ ಕೊಡ್ತೀನಿ ಇಂದೂ."

"ರೊಕ್ಕ ಯಾರ ಕೇಳಿದ್ರು? ದೀಪಾವಳ್ಯಾಗ ಎಲ್ಲಾರ ಮುಂದ ಒಂದ್ ಕಥಿ ಹೇಳಿದಿ. ಅವ್ರ ಮುಂದನ ಖರೆದ್ದೂ ಹೇಳು. ನಮ್ಮನಿಯವ್ರ ಮುಂದೂ ಹೇಳು. ಅಷ್ಟ ಸಾಕು ನಂಗ."

"ಹೇಳ್ತೀನಿ," ಎಂದ ಪ್ರಲ್ಹಾದ.

ಮನೆಗೆ ಮರಳುವ ದಾರಿಯಲ್ಲಿ ಭೀಮಣ್ಣನ ಗ್ಯಾರೇಜಿನ ಮುಂದೆ ಅವಳು ಬಸ್ಸಿನಿಂದ ಇಳಿದಳು. ಭೀಮಣ್ಣ ಅವಳ ಮುಖ ನೋಡಿಯೇ ಎಲ್ಲ ತಿಳಿದುಕೊಂಡ. "ನಾ ಹೇಳಬೇಕಿತ್ರಿ ಅಕ್ಕಾರ. ಅಣ್ಣಾರು ಹಳೇ ಗಿರಾಕಿ... ಅಣ್ಣ ತಂಗಿ ನಡುವಿನ ಮಾತು, ಅವ್ರ ಹೇಳಿರಬೇಕು ಅಂದ್ಕೊಂಡೆ." ಅವನು ಸ್ಟೂಲು ಒರೆಸಿದ. ಇಂದೂ ಕೂರಲಿಲ್ಲ.

ರಾಜೀವನಿಗೆ ಅವಳು ಏನೂ ಹೇಳಲಿಲ್ಲ. ಅಣ್ಣನೇ ಹೇಳಲಿ ಎಂದು ಕಾದಳು. ಒಳಗೊಳಗೆ ಅವಳಿಗೆ ಇನ್ನೂ ಆಸೆ ಇತ್ತು. ಹೇಳಿಬಿಟ್ಟರೆ, ಒಂದೇ ಒಂದು ಸಲ ನೆಟ್ಟಗೆ ನಿಂತು ಹೇಳಿಬಿಟ್ಟರೆ, ಹಳೆಯ ಅಣ್ಣ ಎಲ್ಲೋ ಒಂದಿಷ್ಟು ಉಳಿದಾನು ಎಂದು.

ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಎಲ್ಲರೂ ರಾಘಣ್ಣನ ಮನೆಯಲ್ಲಿ ಸೇರಿದರು. ಪ್ರಲ್ಹಾದನೂ ಬಂದಿದ್ದ. ಸಾಯಲಿ ಭುಜದ ನೆಪ ಹೇಳಿ ಬಂದಿರಲಿಲ್ಲ. ಊಟಕ್ಕೆ ಕೂತಾಗ ರಾಘಣ್ಣ ತುಪ್ಪದ ಪಾತ್ರೆ ಹಿಡಿದು ಬಂದು, "ಸಿಂಥೆಟಿಕ್ ಮೇಡಂ ಅವ್ರಿಗೆ ತೆಳ್ಳಂದು ಹಾಕ್ಲೋ, ದಪ್ಪಂದು ಹಾಕ್ಲೋ?" ಎಂದು ಕೂಗಿದ. ಪಂಕ್ತಿಯೆಲ್ಲ ನಕ್ಕಿತು. ಇಂದೂ ನಗದೆ ಎದುರು ಸಾಲಿನಲ್ಲಿ ಕೂತ ಅಣ್ಣನನ್ನು ನೋಡಿದಳು. ಇದಕ್ಕಿಂತ ಸುಲಭದ ಹೊತ್ತು ಇನ್ನೊಂದು ಸಿಗುವುದಿಲ್ಲ ಎಂದು ಅವಳಿಗೆ ಅನಿಸಿತು. ಬಾಯಿ ತೆರೆದರೆ ಸಾಕಿತ್ತು.

ಪ್ರಲ್ಹಾದ ಎಲೆ ನೋಡಿದ. ಆಮೇಲೆ ಎಲ್ಲರ ಜೊತೆ ಅವನೂ ನಕ್ಕ.

ಅವಳು ಎಲೆಯಲ್ಲಿದ್ದುದನ್ನು ಮುಗಿಸಿ ಎದ್ದಳು. ಮನೆಗೆ ಬರುವ ಬಸ್ಸಿನಲ್ಲಿ ರಾಜೀವನ ಪಕ್ಕ ಕೂತು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ರಾಜೀವ, "ಅವತ್ತ ನಾ ಹೇಳಿದ್ದೆ, ಬ್ಯಾರೆ ಕಡೆ ತೋರಿಸೋಣ ಅಂ..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಎಷ್ಟೋ ನಿಲ್ದಾಣ ಕಳೆದ ಮೇಲೆ, "ನಾನೂ ತಪ್ಪೆಲ್ಲಾ ನಿನ್ನ ಮ್ಯಾಲೆ ಹಾಕಿ ಕೂತೆ," ಎಂದ. ಅಷ್ಟು ಹೇಳಿದ್ದು ಅವಳಿಗೆ ಸಾಕಾಯಿತು. ನಾಳೆಯೇ ಹೋಗಿ ಜಗಳ ಮಾಡುತ್ತೇನೆ ಎಂದು ಅವನು ಅಂದಾಗ ಬೇಡ ಎಂದಳು.

ಅಣ್ಣನ ಫೋನು ಬಂದರೆ ಅವಳು ಎತ್ತಲಿಲ್ಲ. ಅತ್ತಿಗೆಯ ಭುಜಕ್ಕೆ ಮಾತ್ರ ತಪ್ಪದೆ ಹೋದಳು, ಪ್ರಲ್ಹಾದ ಆಫೀಸಿನಲ್ಲಿ ಇರುವ ಹೊತ್ತು ನೋಡಿ. ಸಾಯಲಿಯೂ ಗಂಡನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು. "ನಂಗೂ ಸುಳ್ಳ ಹೇಳಿದ್ರಲ್ಲ, ಅದು ನುಂಗಾಕ ಆಗವಲ್ದು," ಎಂದು ಒಮ್ಮೆ ಅಂದಳು.

ಹೋಳಿಯ ಹಿಂದಿನ ಭಾನುವಾರ ಬೆಳಿಗ್ಗೆ ಪ್ರಲ್ಹಾದ ತಾನೇ ಕೋಥರೂಡಕ್ಕೆ ಬಂದ. ಬಾಗಿಲು ತೆರೆದವಳು ಇಂದೂ.

"ಬರ್ರಿ," ಎಂದಳು. "ಕೂಡ್ರಿ. ಚಹಾ ತಗೋತೀರೇನ್ರಿ?"

ಪ್ರಲ್ಹಾದ ಹೊಸಿಲಿನಲ್ಲಿಯೇ ನಿಂತ. ಹುಟ್ಟಿದಂದಿನಿಂದ ಅವಳು ಅವನಿಗೆ ನೀ ಎಂದವಳು. ಈಗ ಅವಳ ದನಿಯಲ್ಲಿ ಸಿಟ್ಟಿಲ್ಲ, ಚುಚ್ಚುವ ಧಾಟಿಯೂ ಇಲ್ಲ. ಹೊಸ ರೋಗಿಯ ಮನೆಯವರನ್ನು ಮಾತಾಡಿಸುವಂತೆ ಮಾತಾಡಿಸಿದ್ದಳು.

"ಇಂದೂ, ನನಗ ರೀ ಅಂತೀ?"

"ಚಹಾಕ್ಕ ಸಕ್ರಿ ಕಮ್ಮಿ ಹಾಕ್ಲೇನ್ರಿ?"

ಅವನು ಸೋಫಾದ ಮೇಲೆ ಕಾಲು ಕೆಳಗೆ ಬಿಟ್ಟು ಕೂತ. ರಾಜೀವ ಪತ್ರಿಕೆ ಮಡಚಿಟ್ಟು ಎದುರಿಗೆ ಕೂತಿದ್ದ. ಇಂದೂ ಅಡುಗೆಮನೆಯಿಂದ ಚಹಾ ತರುವಷ್ಟರಲ್ಲಿ ಪ್ರಲ್ಹಾದ ಶುರು ಮಾಡಿದ್ದ. ಗಾಡಿ ಮೊದಲೇ ಕೆಟ್ಟಿತ್ತು ಎಂದ. ದಪ್ಪ ಆಯಿಲ್ ಹಾಕಿಸಿ ಮುಚ್ಚಿಟ್ಟಿದ್ದೆ ಎಂದ. ಇಂದೂಳ ತಪ್ಪು ಏನೂ ಇರಲಿಲ್ಲ, ರಾಘಣ್ಣನಿಗೂ ನಿನ್ನೆ ಹೋಗಿ ಹೇಳಿ ಬಂದೆ ಎಂದ. ಹೇಳುವಾಗ ಬೆವರು ಒರೆಸಿಕೊಂಡ. ಈ ಸಲ ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಇಂದೂ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. ಈ ಮಾತು ಕೇಳಿದ ದಿನ ಎದೆ ಹಗುರಾದೀತೆಂದು ಅವಳು ತಿಂಗಳುಗಟ್ಟಲೆ ಕಾದಿದ್ದಳು. ತಪ್ಪಿನ ಭಾರವೇನೋ ಇಳಿಯಿತು. ಆದರೆ ಈ ಮನುಷ್ಯ ಏನು ಹೇಳಿದರೂ ಇನ್ನು ಮುಂದೆ ತಾನು ಎರಡು ಪ್ರಶ್ನೆ ಕೇಳುತ್ತೇನೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಎಲ್ಲರ ಹಾಗೆ ಅವನೂ ಒಬ್ಬ. ಅದು ಅವಳಿಗೆ ಅಳುವಿಗೂ ಸಿಗದ ದುಃಖವನ್ನು ತಂದಿತು.

ಹೊರಡುವಾಗ ಪ್ರಲ್ಹಾದ, "ಪಾರ್ಕಿಂಗಿನಾಗ ಗಾಡಿ ಅದ. ಎಲ್ಲಿಗರೆ ಹೋಗೋದಿದ್ರ ಬಿಟ್ಟು ಹೋಗ್ತೀನಿ," ಎಂದ.

"ಬ್ಯಾಡ್ರಿ," ಎಂದಳು ಇಂದೂ. "ಹುಷಾರಾಗಿ ಹೋಗ್ರಿ."

ಅವನು ಮೆಟ್ಟಿಲಿಳಿಯುವ ಸದ್ದು ಕೇಳುವವರೆಗೆ ಅವಳು ಬಾಗಿಲು ಹಿಡಿದು ನಿಂತಿದ್ದಳು. ಆಮೇಲೆ ಒಳಗೆ ಬಂದು ಚಹಾದ ಕಪ್ಪು ಎತ್ತಿದಳು. ಅವನು ಒಂದು ಗುಟುಕೂ ಕುಡಿದಿರಲಿಲ್ಲ. ಕಪ್ಪು ತೊಳೆದಿಟ್ಟು, ತನ್ನ ಚೀಲ ಹೆಗಲಿಗೆ ಹಾಕಿಕೊಂಡು, ಮೊಣಕಾಲು ಮಡಚಲಾರದ ಮುದುಕಿಯೊಬ್ಬಳು ಕಾಯುತ್ತಿದ್ದ ಮನೆಯ ಕಡೆ ಬಸ್ಸಿಗೆ ನಡೆದಳು.